ಎಗ್ಬರ್ಟ್ ಪಿನಕ್‌ನ ತಿದ್ದುಪಡಿ

ಮಂಗಳವಾರ ಬೆಳಗ್ಗೆ ಆರೂವರೆಗೆ ಸಿಲ್ಬರ್ಟ್ ಮಾರ್ಷ್ ಸತ್ತ ಸುದ್ದಿ ರೇಡಿಯೋದಲ್ಲಿ ಬಂದಾಗ ಎಗ್ಬರ್ಟ್ ಪಿನಕ್ ಮೆಕ್ಕೆಜೋಳದ ಹಿಟ್ಟಿನ ಗಂಜಿಯ ಮೊದಲ ಚಮಚ ಬಾಯಿಗಿಟ್ಟಿದ್ದ. ಗಂಜಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಅವನ ತಾಯಿ ಮಿಸ್ ಇವಾಡ್ನಿಗೆ ತೊಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ. ಆದರೂ ಗಂಜಿ ಮಾತ್ರ ತಾನೇ ಕಾಯಿಸಬೇಕೆಂಬ ಹಟ. ಉಪ್ಪೋ ಸಕ್ಕರೆಯೋ ಎಂಬುದು ಆಯಾ ದಿನದ ಅದೃಷ್ಟ.

"'ಅಗುಳಿ ಹಾಕಬೇಡಮ್ಮ' ಹಾಡಿ ನಮ್ಮೆಲ್ಲರ ಮನಸ್ಸು ಗೆದ್ದಿದ್ದ ಗಾಯಕ ನಿದ್ದೆಯಲ್ಲೇ ತೀರಿಕೊಂಡರು ಅಂತ ಈಗ ತಾನೇ ಸುದ್ದಿ ಬಂದಿದೆ," ಎಂದ ರೇಡಿಯೋದ ಓರಲ್ ಟೊಮ್ಲಿನ್ಸನ್. ಇಡೀ ದ್ವೀಪವನ್ನು ದಿನವೂ ಎಬ್ಬಿಸುವ ದನಿ ಅದು. "ಸಿಲ್ಬರ್ಟ್ ಮಾರ್ಷ್ ಇನ್ನಿಲ್ಲ. ಸಂಜೆ ನಾಲ್ಕು ಗಂಟೆಗೆ ಅವರ ನೆನಪಿನಲ್ಲಿ ವಿಶೇಷ ಕಾರ್ಯಕ್ರಮ." ಹಿಂದೆಯೇ ಹಾಡು ಶುರುವಾಯಿತು. ಮೊದಲು ಒಂದು ಸಣ್ಣ ಕೆಮ್ಮು, ಆಮೇಲೆ ದನಿ.

ಮಿಸ್ ಇವಾಡ್ನಿ ಸೆರಗಿನಂತೆ ಕೈಯಲ್ಲಿ ಹಿಡಿದಿದ್ದ ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಈ ಹಾಡು ಬಂದಾಗಲೆಲ್ಲ ಅವಳು ಅಳುತ್ತಿದ್ದಳು. ಇವತ್ತು ಸಾವಿನ ದುಃಖವೂ ಸೇರಿ ಅಳು ದುಪ್ಪಟ್ಟಾಯಿತು.

"ಎಂಥಾ ಮಗ," ಎಂದಳು. "ರಾತ್ರಿ ತಡವಾಗಿ ಬರ್ತೀನಿ, ಅಗುಳಿ ಹಾಕಬೇಡಮ್ಮ, ನಿನ್ನ ಕೈ ಊಟ ಬಿಟ್ರೆ ನನಗೆ ಯಾರೂ ಇಲ್ಲ ಅಂತ ಹಾಡಿದ್ನಲ್ಲ. ಹೆತ್ತೋಳಿಗೆ ಇನ್ನೇನು ಬೇಕು. ನೀನೂ ಹಾಡ್ದೆ. ಏನು ಹಾಡ್ದೆ? ಕತ್ತೆಗೆ ಹಲ್ಲುನೋವು."

"ಅಮ್ಮ, ಅದು ನಾನು ಹಾಡಿದ್ದಲ್ಲ. ಇದು ನಾನು ಹಾಡಿದ್ದು."

"ಶುರು ಮಾಡ್ದ," ಎಂದು ಅವಳು ರೇಡಿಯೋದ ಕಡೆಗೆ ಕಿವಿ ತಿರುಗಿಸಿದಳು. "ಸತ್ತ ಮನೆ ದಿನಾನಾದ್ರೂ ಆ ಸುಳ್ಳು ಬಿಡು."

ಎಗ್ಬರ್ಟ್ ಗಂಜಿಯ ಬಟ್ಟಲನ್ನು ದೂಡಿದ. "ಉಪ್ಪಮ್ಮ ಇದು, ತಿನ್ನಕ್ಕಾಗಲ್ಲ," ಎಂದು ಎದ್ದು ಅಂಗಳಕ್ಕೆ ಹೋದ. ಸಿಲ್ಬರ್ಟ್ ಸತ್ತದ್ದಕ್ಕೆ ಅವನಿಗೆ ದುಃಖವಾಗಿತ್ತು, ಸುಳ್ಳಲ್ಲ. ಹೇಳದೆ ಸತ್ತನಲ್ಲ ಎಂಬ ದುಃಖ ಮಾತ್ರ ಅದಕ್ಕಿಂತ ದೊಡ್ಡದಿತ್ತು.

ಸಂಗತಿ ಇಷ್ಟು. ನಲವತ್ತೆಂಟು ವರ್ಷದ ಹಿಂದೆ, ಮಿಸ್ಟರ್ ಕ್ರಾಸ್‌ವೆಲ್ ಎಂಬ ನಿರ್ಮಾಪಕನ ಸ್ಟುಡಿಯೋ ಅಂಗಳದಲ್ಲಿ ಹಾಡಲು ಬಂದ ಹುಡುಗರ ಸಾಲಿನಲ್ಲಿ ಎಗ್ಬರ್ಟ್ ಮತ್ತು ಸಿಲ್ಬರ್ಟ್ ಹಿಂದೆಮುಂದೆ ನಿಂತಿದ್ದರು. ಎಗ್ಬರ್ಟ್‌ಗೆ ಅವತ್ತು ನೆಗಡಿ. ಹಾಡುವ ಮುಂಚೆ ಕೆಮ್ಮಿದ. ಇನ್ನೊಮ್ಮೆ ಹಾಡುತ್ತೇನೆ ಎಂದರೆ ಕ್ರಾಸ್‌ವೆಲ್, "ಟೇಪು ಹಾಳು ಮಾಡಬೇಡ, ಇರಲಿ ಬಿಡು" ಎಂದ. ಆಮೇಲೆ ದನಿ ಎಳಸಾಗಿ ಕೇಳಲಿ ಎಂದು ಟೇಪಿನ ಓಟವನ್ನು ಒಂದಿಷ್ಟು ಹೆಚ್ಚಿಸಿ ರೆಕಾರ್ಡಿಗೆ ಕಳಿಸಿದ. ಅದರಿಂದ ಆದ ಉಪಕಾರವೇನೆಂದರೆ ಹಾಡಿದವನ ದನಿ ಹಡೆದವಳಿಗೂ ಗುರುತು ಸಿಗದಂತಾಯಿತು. ಇನ್ನು ಲೇಬಲ್ ಅಂಟಿಸುವ ಕಡೆ ಯಾರೋ ಪುಣ್ಯಾತ್ಮ ಎರಡು ಕಟ್ಟುಗಳನ್ನು ಅದಲು ಬದಲು ಮಾಡಿದ. 'ಅಗುಳಿ' ಮೇಲೆ ಸಿಲ್ಬರ್ಟ್ ಮಾರ್ಷ್ ಹೆಸರು ಬಿತ್ತು. ಸಿಲ್ಬರ್ಟ್ ಹಾಡಿದ್ದ 'ಕತ್ತೆಗೆ ಹಲ್ಲುನೋವು' ಮೇಲೆ ಎಗ್ಬರ್ಟ್ ಪಿನಕ್ ಎಂದು ಬಿತ್ತು.

"ಮುಂದಿನ ಕಂತಿನಲ್ಲಿ ಸರಿ ಮಾಡೋಣ," ಎಂದಿದ್ದ ಕ್ರಾಸ್‌ವೆಲ್. ಅಷ್ಟರಲ್ಲಿ 'ಅಗುಳಿ' ಮೊದಲ ಸ್ಥಾನಕ್ಕೆ ಹೋಗಿ ಹನ್ನೊಂದು ವಾರ ಅಲ್ಲೇ ಕೂತಿತು. "ಜನಕ್ಕೆ ಈ ಹೆಸರು ಒಗ್ಗಿಬಿಟ್ಟಿದೆ ಕಣಯ್ಯ. ಈಗ ಬದಲಾಯಿಸಿದ್ರೆ ಹಾಡೇ ಕೆಡುತ್ತೆ," ಎಂದ. ಸಿಲ್ಬರ್ಟ್ ಆ ಹಾಡಿನ ಬೆನ್ನೇರಿ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಉದ್ದ ಕೋಟುಗಳನ್ನು ಹಾಕಿಕೊಂಡು ಬಂದ, ಮ್ಯಾಂಡವಿಲ್ ಬೆಟ್ಟದಲ್ಲಿ ಮನೆ ಕಟ್ಟಿದ. ವೇದಿಕೆ ಹತ್ತಿದಾಗಲೆಲ್ಲ ಹಾಡಿನ ಮುಂಚೆ ಎಗ್ಬರ್ಟನ ನೆಗಡಿಯ ಕೆಮ್ಮನ್ನೂ ಕೆಮ್ಮುತ್ತಿದ್ದ. ಕುಣಿಯಲು ಬಂದ ಜನರೆಲ್ಲ ಅವನ ಜೊತೆ ಕೆಮ್ಮುತ್ತಿದ್ದರು. ಮನುಷ್ಯ ಕೆಟ್ಟವನಲ್ಲ. ಪ್ರತಿ ಕ್ರಿಸ್ಮಸ್‌ಗೆ ಒಂದು ಡಬ್ಬಿ ಬಿಸ್ಕತ್ತು, ಅದರೊಳಗೆ ಒಂದು ಚೀಟಿ: "ಬರುವ ವರ್ಷ ರೇಡಿಯೋದಲ್ಲಿ ನಾನೇ ನಿಜ ಹೇಳಿಬಿಡುತ್ತೇನೆ." ಎಗ್ಬರ್ಟ್ ನಂಬಿದ. ನಂಬುತ್ತಾ ನಂಬುತ್ತಾ ಅಂಗಡಿಗಳ ಬೋರ್ಡು ಬರೆಯುವ ಕೆಲಸ ಹಿಡಿದು, ಊರಿನವರ ಹೆಸರನ್ನೆಲ್ಲ ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆದ. ಜೋನ್ಸ್ ಟೌನಿನ ಮಕ್ಕಳು ಮಾತ್ರ ಇವತ್ತಿಗೂ ಅವನನ್ನು ಕಂಡರೆ ದವಡೆ ಹಿಡಿದುಕೊಂಡು ಕತ್ತೆಯಂತೆ ಕೂಗುತ್ತಾರೆ.

ಇದನ್ನೆಲ್ಲ ಅವನು ಸಹಿಸಿಕೊಂಡಿದ್ದ. ತಾಯಿ ನಂಬದಿರುವುದನ್ನು ಮಾತ್ರ ಸಹಿಸಲಾಗಿರಲಿಲ್ಲ. ಆ ಹಾಡು ಹುಟ್ಟಿದ್ದೇ ಅವಳಿಂದ. ಅವನು ಕುಣಿತದಿಂದ ತಡವಾಗಿ ಬಂದ ರಾತ್ರಿಗಳಲ್ಲಿ ಅಗುಳಿ ಹಾಕಿ ಮಲಗುತ್ತಿದ್ದವಳು ಅವಳೇ. ಹೊಸ್ತಿಲ ಹೊರಗೆ ಕೂತು ಅವನು ಕಟ್ಟಿದ ಹಾಡು ಅದು. ಹಾಡಿ ತೋರಿಸಿದರೆ, "ರೆಕಾರ್ಡು ಕೇಳಿ ಯಾರು ಬೇಕಾದ್ರೂ ಹಾಡ್ತಾರೆ," ಎನ್ನುತ್ತಿದ್ದಳು. ಮಿಸ್ ಇವಾಡ್ನಿ ರೇಡಿಯೋ ಹೇಳಿದ್ದನ್ನು ಬಿಟ್ಟು ಇನ್ಯಾರ ಮಾತನ್ನೂ ನಂಬುವವಳಲ್ಲ. ಅದಕ್ಕೊಂದು ಕಾರಣವಿತ್ತು. ಎಂಬತ್ತೆಂಟರ ಚಂಡಮಾರುತದ ದಿನ ಪಕ್ಕದ ಕೋಣೆಯ ಮಿಸ್ ಪರ್ಲಿನ್, "ಗಾಳಿ ಕ್ಯೂಬಾ ಕಡೆ ತಿರುಗ್ತು, ಭಯಪಡಬೇಡಿ" ಎಂದಿದ್ದಳು. ರೇಡಿಯೋ ಮಾತ್ರ ಬರುತ್ತದೆ ಎಂದಿತ್ತು. ಬಂತು. ಚಾವಣಿಯ ತಗಡು ಹಾರಿ ಸ್ಮಶಾನದಲ್ಲಿ ಸಿಕ್ಕಿತು. ಅವತ್ತಿನಿಂದ ಆ ಪುಟ್ಟ ರೇಡಿಯೋ ಅವಳ ಮಂಚದ ಕಾಲಿಗೆ ಕಟ್ಟಿಕೊಂಡೇ ಇದೆ.

ಹೋದ ತಿಂಗಳು ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳಿ, ಎಗ್ಬರ್ಟನನ್ನು ಹೊರಗೆ ಕರೆದು, "ಹಿರಿಯರು ಏನು ಕೇಳ್ತಾರೋ ಮಾಡಿಕೊಡಿ," ಎಂದಿದ್ದರು. ರೇಡಿಯೋ ಒಂದೇ ಒಂದು ಸಲ ತನ್ನ ಹೆಸರನ್ನು ಹೇಳಬೇಕು, ಅವಳ ಕಿವಿ ಇರುವಾಗಲೇ ಹೇಳಬೇಕು. ಎಗ್ಬರ್ಟನಿಗೆ ಇನ್ನೇನೂ ಬೇಕಿರಲಿಲ್ಲ. ನಿಜ ಬಲ್ಲವರಲ್ಲಿ ಕ್ರಾಸ್‌ವೆಲ್ಲೂ ಅವನ ಸ್ಟುಡಿಯೋದ ಎಂಜಿನಿಯರೂ ಎಂದೋ ಸತ್ತಿದ್ದರು. ಉಳಿದಿದ್ದ ಒಬ್ಬನೂ ಇವತ್ತು ಹೋದ.

"ಇವತ್ತು ಬಿಟ್ರೆ ಇನ್ನಿಲ್ಲ," ಎಂದು ಅವನು ನಲ್ಲಿಯ ಹತ್ತಿರ ತನಗೆ ತಾನೇ ಹೇಳಿಕೊಂಡ. ತನಗೆ ತಾನೇ ಹೇಳಿಕೊಳ್ಳುವುದು ಆ ವಠಾರದಲ್ಲಿ ಸಾಧ್ಯವಿರಲಿಲ್ಲ.

"ಏನು ಇನ್ನಿಲ್ಲ?" ಎಂದಳು ಬಟ್ಟೆ ಒಗೆಯುತ್ತಿದ್ದ ಮಿಸ್ ಪರ್ಲಿನ್.

ಹೇಳಿದ. ಅವಳು ಸೋಪಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, "ಫೋನ್ ಮಾಡಿ ರೇಡಿಯೋಗೆ. ಹಾಡಿ ತೋರಿಸಿ, ಮುಗೀತು. ಆದ್ರೆ ಈ ಗಂಟಲಲ್ಲಿ ಬೇಡ ಮಾಸ್ ಎಗ್ಬರ್ಟ್. ಸುಣ್ಣದ ಡಬ್ಬ ಅಲ್ಲಾಡಿಸಿದ ಹಾಗಿದೆ. ಇರಿ," ಎಂದು ಒಳಗೆ ಹೋದಳು. ಶುಂಠಿ, ನಿಂಬೆರಸ, ಬಿಳಿ ರಮ್ಮು, ಅದರ ಮೇಲೆ ಬೀಜ ಸಮೇತ ಅರೆದ ಒಂದು ಕೆಂಪು ಗುಂಡು ಮೆಣಸಿನಕಾಯಿ ಸೇರಿಸಿ ಲೋಟ ತಂದಳು.

"ಮೆಣಸಿನಕಾಯಿ ಯಾಕೆ?"

"ದಾರಿ ಬಿಡಿಸುತ್ತೆ. ನನ್ನ ತಮ್ಮ ಚರ್ಚಲ್ಲಿ ಹಾಡೋ ಮುಂಚೆ ಇದನ್ನೇ ಕುಡೀತಿದ್ದ."

ಎಗ್ಬರ್ಟ್ ಒಂದೇ ಗುಟುಕಿಗೆ ಕುಡಿದ. ದಾರಿ ಬಿಟ್ಟಿತು. ಕಿವಿ, ಮೂಗು, ಕಣ್ಣು ಎಲ್ಲ ಕಡೆಯಿಂದ ನೀರು ಬಂತು. ಬಾಯಿಂದ ಮಾತ್ರ ಏನೂ ಬರಲಿಲ್ಲ. ಕಾಲು ಗಂಟೆ ಕೆಮ್ಮಿದ ಮೇಲೆ ತಗಡನ್ನು ಕಲ್ಲಿನ ಮೇಲೆ ಎಳೆದಂಥ ಒಂದು ದನಿ ಹೊರಬಿತ್ತು.

"ನಿಮ್ಮ ತಮ್ಮ ಈಗಲೂ ಹಾಡ್ತಾನಾ?" ಎಂದು ಕೇಳಿದ.

"ಇಲ್ಲ, ಈಗ ಚರ್ಚಲ್ಲಿ ಗಂಟೆ ಹೊಡೀತಾನೆ," ಎಂದಳು ಮಿಸ್ ಪರ್ಲಿನ್.

ಒಂಬತ್ತು ಗಂಟೆಯಿಂದ ಅವನು ಫೋನು ಹಿಡಿದು ಕೂತ. ಊರಿಗೂರೇ ಸಾಲಿನಲ್ಲಿತ್ತು. ಒಬ್ಬಳು ಆ ಹಾಡಿಗೆ ಕುಣಿಯುವಾಗ ಗಂಡನನ್ನು ಕಂಡೆ ಎಂದಳು, ಇನ್ನೊಬ್ಬಳು ಆ ಹಾಡಿಗೆ ಕುಣಿಯುವಾಗಲೇ ಗಂಡನನ್ನು ಕಳೆದುಕೊಂಡೆ ಎಂದಳು. ಹನ್ನೊಂದೂವರೆಗೆ ಅವನ ಸರದಿ ಬಂತು.

"ಹೇಳಿ ಸರ್, ಸಿಲ್ಬರ್ಟ್ ಬಗ್ಗೆ ನಿಮ್ಮ ನೆನಪು?"

"ಆ ಹಾಡು ಹಾಡಿದ್ದು ನಾನು," ಎಂದ ಎಗ್ಬರ್ಟ್, ತಗಡಿನ ದನಿಯಲ್ಲಿ.

ಓರಲ್ ಟೊಮ್ಲಿನ್ಸನ್ ನಿಟ್ಟುಸಿರು ಬಿಟ್ಟಿದ್ದು ಇಡೀ ದ್ವೀಪಕ್ಕೆ ಕೇಳಿಸಿತು. "ಬೆಳಗ್ಗಿಂದ ಇದನ್ನ ಹಾಡಿದೋರು ನಿಮ್ಮನ್ನೂ ಸೇರಿಸಿ ನಾಲ್ಕು ಜನ ಆದ್ರು ಸರ್. ಅದ್ರಲ್ಲಿ ಒಬ್ಬರು ಹೆಂಗಸು. ಸರಿ, ಒಂದು ಸಾಲು ಹಾಡಿ ನೋಡೋಣ."

ಎಗ್ಬರ್ಟ್ ಹಾಡಿದ. ಅರ್ಧ ಸಾಲಿಗೆ ಫೋನು ಸತ್ತಿತು.

ಒಳಗಿನಿಂದ ಮಿಸ್ ಇವಾಡ್ನಿ ಕೂಗಿದಳು: "ಪರ್ಲಿನ್, ಕೇಳ್ದೇನೆ? ಯಾವನೋ ಕುಡುಕ ರೇಡಿಯೋ ಒಳಗೇ ನುಗ್ಗಿದ್ದ. ಹೆಣ ಇನ್ನೂ ಬಿಸಿ ಇರುವಾಗಲೇ. ಅಂಥೋನಿಗೂ ಒಬ್ಬ ತಾಯಿ ಇರ್ತಾಳಲ್ಲ, ಪಾಪ."

ಎಗ್ಬರ್ಟ್ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ಆಗ ಮಿಸ್ಟರ್ ವಿಸ್ಡಮ್ ಬಂದ. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದ ಈತ ವಠಾರದ ಕೊನೆಯ ಕೋಣೆಯವನು. ಎಲ್ಲ ಕಷ್ಟಕ್ಕೂ ಒಂದು ಕಾಗದ ಬರೆದರೆ ಸಾಕು ಎನ್ನುವುದು ಅವನ ಧರ್ಮ.

"ಬಾಯಿ ಮಾತನ್ನ ಯಾರು ನಂಬ್ತಾರೆ?" ಎಂದ. "ಬರೆದು ಕೊಡಬೇಕು. ದಾಖಲೆ ಏನಾದ್ರೂ ಇದೆಯಾ?"

ಇತ್ತು. ಹಾಸಿಗೆಯಡಿಯ ಪೆಟ್ಟಿಗೆಯಲ್ಲಿ, ಹಳೆ ಅಂಗಿಯಲ್ಲಿ ಸುತ್ತಿಟ್ಟ ಒಂದು ಮಾದರಿ ರೆಕಾರ್ಡು. ಹಾಡಿದ ದಿನವೇ, ಟೇಪಿನ ಓಟ ಹೆಚ್ಚಿಸುವ ಮುಂಚೆ, ಸ್ಟುಡಿಯೋದ ಎಂಜಿನಿಯರು ಕೊರೆದು ಕೊಟ್ಟದ್ದು. ಅದರ ಮೇಲೆ ಆ ಎಂಜಿನಿಯರನ ಕೈಬರಹದಲ್ಲೇ 'ಅಗುಳಿ: ಇ. ಪಿನಕ್' ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಮೆತ್ತನೆಯ ತಟ್ಟೆ. ನುಡಿಸಿದಷ್ಟೂ ಸವೆಯುತ್ತದೆ. ಇನ್ನು ಒಂದೆರಡು ಸಲ ನುಡಿದರೆ ಹೆಚ್ಚು. ಕಳೆದುಹೋದೀತೆಂಬ ಭಯದಲ್ಲಿ ಎಗ್ಬರ್ಟ್ ಅದನ್ನು ಇಷ್ಟು ವರ್ಷ ಯಾರ ಕೈಗೂ ಕೊಟ್ಟಿರಲಿಲ್ಲ.

ಮಿಸ್ಟರ್ ವಿಸ್ಡಮ್ ಕನ್ನಡಕ ಏರಿಸಿ ಬರೆದ: "ಮಾನ್ಯರೇ, ಇಂದು ಬೆಳಗ್ಗೆ ತಾವು ಬಿತ್ತರಿಸಿದ ಮರಣವಾರ್ತೆಯಲ್ಲಿ ಒಂದು ತಪ್ಪು ನುಸುಳಿದೆ. 'ಅಗುಳಿ ಹಾಕಬೇಡಮ್ಮ' ಹಾಡಿದವರು ಸಿಲ್ಬರ್ಟ್ ಮಾರ್ಷ್ ಅಲ್ಲ, ಎಗ್ಬರ್ಟ್ ಪಿನಕ್. ದಾಖಲೆ ಲಗತ್ತಿಸಿದೆ. ಕೂಡಲೇ ತಿದ್ದುಪಡಿ ಮಾಡುವುದು."

"ನಾನು ಇಲ್ಲೇ ಜೋನ್ಸ್ ಟೌನಲ್ಲಿ ಇದ್ದೀನಿ, ತಾಯಿ ಜೊತೆ, ಅಂತಾನೂ ಒಂದು ಸಾಲು ಸೇರಿಸಿ," ಎಂದ ಎಗ್ಬರ್ಟ್.

"ಯಾಕೆ? ಕಾಗದ ಉದ್ದ ಆದ್ರೆ ಓದಲ್ಲ. ಬದುಕಿದ್ದೀನಿ ಅಂತ ಯಾರಾದ್ರೂ ಬರ್ಕೊಡ್ತಾರಾ? ಅಂಚೆ ಇಲಾಖೇಲಿ ಹಾಗೆ ಬರೆದಿದ್ರೆ ನಗ್ತಿದ್ರು." ಅವನು ಕೆಳಗೆ, 'ಇಂತಿ, ಪಿ. ವಿಸ್ಡಮ್, ನಿವೃತ್ತ ಹಿರಿಯ ಗುಮಾಸ್ತ' ಎಂದು ತನ್ನ ಸಹಿಯನ್ನೇ ಹಾಕಿದ. ಆಮೇಲೆ ಎಗ್ಬರ್ಟನನ್ನು ಮೇಲಿಂದ ಕೆಳಗೆ ನೋಡಿದ. ಬಣ್ಣ ಮೆತ್ತಿದ ಅಂಗಿಯಲ್ಲಿ ರೇಡಿಯೋ ಕಚೇರಿಗೆ ಹೋಗುವುದೇ? ಇಂಗ್ಲೆಂಡಿನಲ್ಲಿ ಸತ್ತ ತನ್ನ ಅಣ್ಣನ ಕಪ್ಪು ಉಣ್ಣೆ ಕೋಟನ್ನು ತಂದು ತೊಡಿಸಿದ. ನುಸಿಗುಳಿಗೆಯ ವಾಸನೆ ಹೊಡೆಯುವ, ಮೊಣಕಾಲಿಗೆ ಬರುವ ಕೋಟು. ಕಿಂಗ್‌ಸ್ಟನ್ನಿನ ಮಧ್ಯಾಹ್ನದ ಬಿಸಿಲಲ್ಲಿ ಎಗ್ಬರ್ಟ್ ಅದರೊಳಗೆ ಬೇಯುತ್ತಾ ನಡೆದ. ಕಾಗದ ಹಿಡಿದು ಮಿಸ್ಟರ್ ವಿಸ್ಡಮ್‌ನೂ ಜೊತೆಗೆ ಹೊರಟ.

ಶೇರ್ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಐದು ಜನ. ಎಗ್ಬರ್ಟ್ ರೆಕಾರ್ಡನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು, ದೇವರ ಪಟ ಹೊತ್ತವನಂತೆ ಕೂತಿದ್ದ. ಡ್ರೈವರು ಹಾಡು ಹಾಕಿದ್ದ. ಕೆಮ್ಮು ಬಂದ ಕೂಡಲೇ ಟ್ಯಾಕ್ಸಿಯಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮಿದರು. ಎಗ್ಬರ್ಟನೂ ಕೆಮ್ಮಿದ, ಅವನದು ಮೆಣಸಿನಕಾಯಿಯದು.

"ನಿಮಗೆ ಸರಿಯಾಗಿ ಬರಲ್ಲ ಅಂಕಲ್," ಎಂದಳು ಪಕ್ಕದ ಹುಡುಗಿ. "ಸಿಲ್ಬರ್ಟ್ ಇನ್ನೂ ಮೆಲ್ಲಗೆ ಕೆಮ್ತಾನೆ."

ರೇಡಿಯೋ ಕಚೇರಿಯ ಗೇಟಿನಲ್ಲಿದ್ದ ಕಾವಲುಗಾರ ದೊಡ್ಡಾಳು, ಮುಖದಲ್ಲಿ ಮಳೆಗಾಲ. ಕಾಗದವನ್ನು ನಿಧಾನವಾಗಿ ಓದಿದ. 'ಹಿರಿಯ ಗುಮಾಸ್ತ' ಎಂಬಲ್ಲಿ ಅವನ ಹುಬ್ಬು ಏರಿತು.

"ಕಾಗದ ಒಳಗೆ ಹೋಗುತ್ತೆ, ರೆಕಾರ್ಡೂ ಹೋಗುತ್ತೆ. ನೀವು ಹೋಗಂಗಿಲ್ಲ," ಎಂದ.

"ಎಗ್ಬರ್ಟ್ ಪಿನಕ್ ನಾನೇ," ಎಂದು ಎಗ್ಬರ್ಟ್ ಹೇಳಹೊರಟ. ಗಾಳಿ ಬಂತು, ಮಾತು ಬರಲಿಲ್ಲ. ಫೋನಿನಲ್ಲಿ ಹಾಡಿದ ಅರ್ಧ ಸಾಲಿಗೂ ಟ್ಯಾಕ್ಸಿಯ ಕೆಮ್ಮಿಗೂ ಉಳಿದಿದ್ದ ದನಿಯೆಲ್ಲ ಖರ್ಚಾಗಿತ್ತು.

"ಗಂಟಲು ಸರಿ ಇಲ್ಲ ಅವರಿಗೆ," ಎಂದ ಮಿಸ್ಟರ್ ವಿಸ್ಡಮ್. "ಎಲ್ಲ ಕಾಗದದಲ್ಲಿದೆ."

ಗೇಟಿನ ಹೊರಗೆ ನೆರಳಿರಲಿಲ್ಲ. ಮೂರು ಗಂಟೆಯಾಯಿತು, ಮೂರೂವರೆಯಾಯಿತು. ನಾಲ್ಕಕ್ಕೆ ಕಾವಲುಗಾರನ ಕೋಣೆಯ ರೇಡಿಯೋದಲ್ಲಿ ಓರಲ್ ಟೊಮ್ಲಿನ್ಸನ್ ಗಂಟಲು ಸರಿಮಾಡಿಕೊಂಡ.

"ಕೇಳುಗರೇ, ಬೆಳಗ್ಗಿನಿಂದ ನಾವೊಂದು ದೊಡ್ಡ ತಪ್ಪು ಮಾಡಿದ್ದೇವೆ. ತಪ್ಪು ಬೆಳಗ್ಗಿನದಲ್ಲ, ನಲವತ್ತೆಂಟು ವರ್ಷದ್ದು. ನನ್ನ ಕೈಯಲ್ಲಿ ಒಬ್ಬ ಹಿರಿಯ ಅಧಿಕಾರಿಯ ಕಾಗದ ಮತ್ತು ಒಂದು ಮಾದರಿ ರೆಕಾರ್ಡು ಇದೆ. ಕೇಳಿ."

ರೆಕಾರ್ಡು ಕರಕರ ಎಂದಿತು. ಆಮೇಲೆ ಕೆಮ್ಮು. ಅದೇ ಕೆಮ್ಮು, ಆದರೆ ಒಂದಿಷ್ಟು ದಪ್ಪ, ಒಂದಿಷ್ಟು ನಿಧಾನ. ಆಮೇಲೆ ಇಪ್ಪತ್ತೆರಡು ವರ್ಷದ ಎಗ್ಬರ್ಟ್ ಹಾಡಿದ. ಎಗ್ಬರ್ಟನ ಕಣ್ಣು ತುಂಬಿ ಬಂತು. ಜೋನ್ಸ್ ಟೌನಿನಲ್ಲಿ ಮಂಚದ ಕಾಲಿಗೆ ಕಟ್ಟಿದ ರೇಡಿಯೋದಿಂದ ಈಗ ಇದೇ ದನಿ ಬರುತ್ತಿದೆ, ಅವಳು ಕೇಳುತ್ತಿದ್ದಾಳೆ ಎಂದು ನೆನೆದು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಜೀವಮಾನದಲ್ಲಿ ಅವನಿಗೆ ಅಷ್ಟು ಸಂತೋಷ ಆದದ್ದಿಲ್ಲ. ಆ ಸಂತೋಷ ಹಾಡು ಮುಗಿಯುವವರೆಗೆ ಇತ್ತು.

"ಸಂಶಯ ಬೇಡ," ಎಂದ ಟೊಮ್ಲಿನ್ಸನ್. "ಇದು ಎಗ್ಬರ್ಟ್ ಪಿನಕ್. ಈ ಹಾಡು ಹಾಡಿದವರು ಅವರೇ. ಬೆಳಗ್ಗೆ ನಮಗೆ ಫೋನು ಮಾಡಿದವರು ಹೇಳಿದ್ದು 'ಅಗುಳಿ' ಹಾಡಿದವರು ತೀರಿಕೊಂಡರು ಅಂತ ಅಷ್ಟೇ. ಲೇಬಲ್ ನೋಡಿ ಸಿಲ್ಬರ್ಟ್ ಮಾರ್ಷ್ ಹೆಸರು ಹೇಳಿದವರು ನಾವು. ಸಿಲ್ಬರ್ಟ್ ಮಾರ್ಷ್ ಅವರ ಕ್ಷಮೆ ಕೇಳುತ್ತೇವೆ, ಅವರಿಗೆ ದೀರ್ಘಾಯುಸ್ಸು ಹಾರೈಸುತ್ತೇವೆ. ಬೆಳಗ್ಗೆ ನಿದ್ದೆಯಲ್ಲೇ ನಮ್ಮನ್ನಗಲಿದವರು ಎಗ್ಬರ್ಟ್ ಪಿನಕ್. ದಿವಂಗತರ ಗೌರವಾರ್ಥ ಒಂದು ನಿಮಿಷ ಮೌನ."

ಕಾವಲುಗಾರ ಟೋಪಿ ತೆಗೆದು ನಿಂತ. ಮಿಸ್ಟರ್ ವಿಸ್ಡಮ್ ನಿಂತ. ಎಗ್ಬರ್ಟನೂ ಎದ್ದು, ಅಭ್ಯಾಸ ಬಲದಿಂದ ಟೋಪಿ ತೆಗೆದು, ಅರ್ಧ ನಿಮಿಷ ತನ್ನ ಗೌರವಾರ್ಥ ತಲೆ ತಗ್ಗಿಸಿದ. ಆಮೇಲೆ ಅವನಿಗೆ ಹೊಳೆಯಿತು. ಗೇಟಿಗೆ ನುಗ್ಗಿ ಕೈಯಾಡಿಸಿದ, ಎದೆ ಮುಟ್ಟಿ ತೋರಿಸಿದ, ಬಾಯಿ ತೆರೆದ. ಉಸ್ಸೆಂದಿತು.

"ಸ್ವಲ್ಪ ಮರ್ಯಾದೆ ಇರಲಿ ಯಜಮಾನ್ರೇ," ಎಂದ ಕಾವಲುಗಾರ ತಗ್ಗಿದ ದನಿಯಲ್ಲಿ. "ಸತ್ತಿದ್ದಾರೆ ಒಬ್ಬರು."

"ಇವರೇ ಅವರು," ಎಂದ ಮಿಸ್ಟರ್ ವಿಸ್ಡಮ್.

"ಯಾರು?"

"ಸತ್ತವರು."

ಕಾವಲುಗಾರ ಇಬ್ಬರನ್ನೂ ನೋಡಿ, ರಮ್ಮಿನ ವಾಸನೆ ಹಿಡಿದು, ಗೇಟಿಗೆ ಬೀಗ ಹಾಕಿದ. "ಏನಿದ್ರೂ ನಾಳೆ ಬೆಳಗ್ಗೆ ಇನ್ನೊಂದು ಕಾಗದ ಬರ್ಕೊಂಡು ಬನ್ನಿ," ಎಂದ.

ದಾರಿಯುದ್ದಕ್ಕೂ ಮಿಸ್ಟರ್ ವಿಸ್ಡಮ್ ಒಂದೇ ಮಾತು ಹೇಳುತ್ತಿದ್ದ: "ನನ್ನ ಕಾಗದದಲ್ಲಿ ಒಂದಕ್ಷರ ತಪ್ಪಿಲ್ಲ. ನೀವೇ ಓದಿದ್ರಲ್ಲ. ಎಲ್ಲಿದೆ ತಪ್ಪು, ತೋರಿಸಿ." ಎಗ್ಬರ್ಟನಿಗೆ ತೋರಿಸುವುದಿರಲಿ, ಬೈಯಲೂ ದನಿಯಿರಲಿಲ್ಲ. ತಾಯಿಯ ಎದೆಯ ಮೇಲಿದ್ದ ಡಾಕ್ಟರ ಕೊಳವೆಯೊಂದೇ ಅವನ ಕಣ್ಣಿಗೆ ಕಟ್ಟಿತ್ತು.

ಅವರು ವಠಾರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಟಾರ್ಪಾಲು ಕಟ್ಟಿದ್ದರು. ಸತ್ತ ಮನೆಯಲ್ಲಿ ರಾತ್ರಿಯಿಡೀ ಎಚ್ಚರವಿರಲು ಆಡುವ ಡಾಮಿನೋ ಆಟದ ಮೇಜು ಬಿದ್ದಿತ್ತು. ದವಡೆ ಹಿಡಿದು ಕತ್ತೆ ಕೂಗುತ್ತಿದ್ದವರೆಲ್ಲ ಸಾಲಾಗಿ ನಿಂತು 'ಅಗುಳಿ' ಹಾಡುತ್ತಿದ್ದರು. ಮೂರು ಕಲ್ಲಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಮೇಕೆಯ ಸಾರು ಕುದಿಯುತ್ತಿತ್ತು. ಸೌಟು ಹಿಡಿದಿದ್ದ ಮಿಸ್ ಪರ್ಲಿನ್ ಎಗ್ಬರ್ಟನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಹತ್ತಿರ ಬಂದು ಅವನ ಕೆನ್ನೆ ಹಿಂಡಿ ನೋಡಿದಳು.

"ಬಿಸಿ ಇದ್ದೀರಿ," ಎಂದಳು. ಮುಖ ಗಂಟಿಕ್ಕಿತು. "ನೀವು ರೇಡಿಯೋಗೆ ಅಂತ ಹೋಗಿ ಅಲ್ಲೇ ಬಿದ್ರಿ ಅಂದ್ಕೊಂಡ್ವಿ ಮಾಸ್ ಎಗ್ಬರ್ಟ್. ಮೇಕೆ ಕಡಿದಾಯ್ತಲ್ಲ. ಈಗ ಏನ್ಮಾಡ್ಲಿ ನಾನು ಇದನ್ನ?"

ಅಮ್ಮ ಎಲ್ಲಿ, ಎಂದು ಅವನು ಕೈಯಲ್ಲೇ ಕೇಳಿದ.

"ಗಟ್ಟಿಯಾಗೇ ಇದ್ದಾರೆ. ಅಳ್ತಾರೆ, ನಗ್ತಾರೆ. ಹೋಗಿ, ನಿಮ್ಮನ್ನ ನೋಡಿದ್ರೆ ಸರಿಹೋಗ್ತಾರೆ."

ಮಿಸ್ ಇವಾಡ್ನಿ ಚರ್ಚಿನ ಟೋಪಿ ಹಾಕಿಕೊಂಡು, ಮಂಚದ ಮೇಲೆ ನೆಟ್ಟಗೆ, ಕೋಲು ಹಿಡಿದು ಕೂತಿದ್ದಳು. ಇಷ್ಟು ವರ್ಷದಲ್ಲಿ ಎಗ್ಬರ್ಟ್ ಅವಳ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲ.

"ಯಾರು?" ಎಂದಳು.

ಅವನು ಇದ್ದಬದ್ದ ಉಸಿರೆಲ್ಲ ಕೂಡಿಸಿ ಒಂದು ಗೊಗ್ಗರು ದನಿ ತಂದ. "ನಾನಮ್ಮ. ಎಗ್ಬರ್ಟ್."

"ನನ್ನ ಮಗ ಹೋದ," ಎಂದಳು ಅವಳು ಶಾಂತವಾಗಿ. "ಬೆಳಗ್ಗೆನೇ ಹೋಗಿದ್ನಂತೆ. ನನಗೆ ಆಗ್ಲೇ ಗೊತ್ತಾಗಬೇಕಿತ್ತು. ಗಂಜಿಗೆ ಕೈ ತಪ್ಪಿ ಉಪ್ಪು ಹಾಕಿದ್ದೆ, ಒಂದು ಚಮಚ ಬಾಯಿಗಿಟ್ಟು ದೂಡಿಬಿಟ್ಟ. ದೆವ್ವ ಉಪ್ಪು ತಿನ್ನಲ್ಲ. ಜೀವ ಹೋದ್ಮೇಲೂ ತಾಯಿ ಹತ್ರ ಊಟಕ್ಕೆ ಬಂದಿದ್ದ, ಪಾಪ. ಹಾಡಲ್ಲಿ ಹೇಳಿದ ಹಾಗೇ ಬಂದಿದ್ದ. ನಾನು ಆವಾಗ್ಲೂ ಕತ್ತೆ ಅಂತ ಬೈದೆ." ಬಟ್ಟೆಯಲ್ಲಿ ಕಣ್ಣೊತ್ತಿಕೊಂಡಳು. "ನಲವತ್ತೆಂಟು ವರ್ಷ ಹೇಳ್ದ, ನಾನಮ್ಮ ಹಾಡಿದ್ದು ಅಂತ. ನಂಬಲಿಲ್ಲ. ಇವತ್ತು ಕೇಳ್ದೆ. ನನ್ನ ಮಗಂದೇ ದನಿ. ಇಪ್ಪತ್ತೆರಡು ವರ್ಷದ್ದು. ಆ ಬಾಗಿಲಾಚೆ ಕೂತು ಕರೀತಿದ್ದ ದನಿ. ಇಷ್ಟು ಚಿನ್ನದಂಥ ಮಗ ಈ ಊರಲ್ಲಿ ಯಾರಿಗಿದ್ದಾನೆ ಹೇಳು."

ಎಗ್ಬರ್ಟ್ ಅವಳ ಕಾಲ ಬಳಿ ಕುಸಿದು ಕೂತು ಅತ್ತ. ಈ ಮಾತಿಗಾಗಿ ಅವನು ಬದುಕೆಲ್ಲ ಕಾದಿದ್ದ. ಅಳುವಿನ ಜೊತೆ ಮೆಣಸಿನಕಾಯಿಯ ಕೆಮ್ಮೂ ಬಂತು.

ಮಿಸ್ ಇವಾಡ್ನಿ ತಟ್ಟನೆ ಆ ಕೆಮ್ಮಿನ ಕಡೆ ಕಿವಿ ತಿರುಗಿಸಿದಳು. ಕೋಲನ್ನು ಮುಂದೆ ಚಾಚಿ ಅವನ ಭುಜಕ್ಕೆ ತಗುಲಿಸಿದಳು. ಕೈ ನೀಡಿ ಕೋಟಿನ ತೋಳನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಉಣ್ಣೆ," ಎಂದಳು. "ಇಂಗ್ಲೆಂಡಿನ ಕೋಟು. ನನ್ನ ಮಗನ ಹತ್ರ ಜನ್ಮದಲ್ಲಿ ಕೋಟಿರಲಿಲ್ಲ." ದನಿ ಗಟ್ಟಿಯಾಯಿತು. "ಅವನ ಕೆಮ್ಮನ್ನ ಇಷ್ಟು ವರ್ಷ ಕೆಮ್ಮಿ ತಿಂದಿದ್ದು ಸಾಲದು ಅಂತ ಇಲ್ಲೂ ಬಂದು ಕೆಮ್ತೀಯಾ? ನೀನಿನ್ನೂ ಇದ್ದೀಯ ಅಂತ ರೇಡಿಯೋದೋರು ಹೇಳಿದ್ರು. ಏಳು ಮೇಲೆ, ಸಿಲ್ಬರ್ಟ್ ಮಾರ್ಷ್."

"ಅಮ್ಮ—"

"ನಿನಗೆ ಯಾವ ಅಮ್ಮ. ಹಾಡು ಕದ್ದೆ, ಹೆಸರು ಕದ್ದೆ, ಈಗ ತಾಯಿನೂ ಬೇಕಾ?" ಕೋಲು ಎರಡು ಸಲ ಬಿತ್ತು. ತೊಂಬತ್ತೊಂದು ವರ್ಷದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

ಬಾಗಿಲಿಗೆ ಓಡಿ ಬಂದ ಮಿಸ್ ಪರ್ಲಿನ್, "ಮಿಸ್ ಇವಾಡ್ನಿ, ನಿಲ್ಲಿ, ನಿಮ್ಮ ಮಗಾನೇ ಇವರು. ನನ್ನ ಕಣ್ಣಾರೆ ನೋಡ್ತಿದ್ದೀನಿ," ಎಂದಳು.

"ಪರ್ಲಿನ್," ಎಂದಳು ಮುದುಕಿ, "ಗಾಳಿ ಕ್ಯೂಬಾಗೆ ಹೋಗುತ್ತೆ ಅಂತ ಹೇಳಿದವಳು ನೀನೇ ಅಲ್ವಾ?"

ಮಿಸ್ ಪರ್ಲಿನ್ ಸಾರಿನ ಪಾತ್ರೆಯ ಕಡೆಗೆ ತಿರುಗಿದಳು. ಎಗ್ಬರ್ಟ್ ಹೊರಗೆ ಬಿದ್ದ. ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಜಾರಿದ ಸದ್ದು ಕೇಳಿಸಿತು. ಇಪ್ಪತ್ತೆರಡನೆಯ ವಯಸ್ಸಿನಿಂದ ಅವನಿಗೆ ಗುರುತಿದ್ದ ಸದ್ದು.

ಅವನು ಹಳೆಯ ಜಾಗದಲ್ಲೇ, ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಕೂತ. ಮಿಸ್ ಪರ್ಲಿನ್ ಒಂದು ಬಟ್ಟಲು ಸಾರು ತಂದು ಕೈಗಿಟ್ಟಳು. "ತಿನ್ನಿ. ನಿಮ್ಮದೇ ಅಲ್ವಾ," ಎಂದಳು. ಮಿಸ್ಟರ್ ವಿಸ್ಡಮ್ ಜೇಬಿನಿಂದ ಪೆನ್ನು ತೆಗೆದು, ಮೊಣಕಾಲಿನ ಮೇಲೆ ಕಾಗದ ಹರಡಿ, "ನಾಳೆ ಬೆಳಗ್ಗೆಗೆ ಒಂದು ಬರೀತೀನಿ. ಆದ್ರೆ ನೀವು ಬದುಕಿದ್ದೀರಿ ಅನ್ನೋದಕ್ಕೆ ದಾಖಲೆ ಏನಿದೆ?" ಎಂದು ಕೇಳಿದ.

ಒಳಗೆ ರೇಡಿಯೋ ಮಾತಾಡುತ್ತಿತ್ತು. ಓರಲ್ ಟೊಮ್ಲಿನ್ಸನ್‌ನ ದನಿ ಭಾರವಾಗಿತ್ತು. "ದಿವಂಗತ ಎಗ್ಬರ್ಟ್ ಪಿನಕ್ ಅವರನ್ನು ನಾವು ಇಷ್ಟು ವರ್ಷ ಹಾಸ್ಯ ಮಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ, ಅವರ ಇನ್ನೊಂದು ಹಾಡನ್ನು ಈಗ ಗೌರವದಿಂದ ಕೇಳೋಣ."

'ಕತ್ತೆಗೆ ಹಲ್ಲುನೋವು' ಶುರುವಾಯಿತು. ಇಪ್ಪತ್ತಮೂರು ವರ್ಷದ ಸಿಲ್ಬರ್ಟ್ ಮಾರ್ಷ್ ತಾಳ ತಪ್ಪಿ, ಶ್ರುತಿ ತಪ್ಪಿ, ನಡುನಡುವೆ ಕತ್ತೆಯಂತೆ ಕೂಗಿ ಹಾಡಿದ. ಎಗ್ಬರ್ಟ್ ಬಟ್ಟಲು ಹಿಡಿದು ಕೇಳುತ್ತಾ ಕೂತ.

ಅಗುಳಿ ಹಾಕಿದ ಬಾಗಿಲ ಹಿಂದೆ ಮಿಸ್ ಇವಾಡ್ನಿ ಬಿಕ್ಕುತ್ತಿದ್ದಳು. "ಇದನ್ನೂ ಎಷ್ಟು ಚೆನ್ನಾಗಿ ಹಾಡಿದ್ದ ನನ್ನ ಕಂದ," ಎನ್ನುತ್ತಿದ್ದಳು.